128 ಜಿಬಿ ಪ್ಲೇಯರ್ ಒಳಗೆ ಇದ್ದದ್ದು 8 ಜಿಬಿ, ನೀವು ಮೋಸ ಹೋಗಬೇಡಿ

ಹೆಸರೇ ಕೇಳದ ಕಂಪನಿಯ ಎಂಪಿ3 ಪ್ಲೇಯರ್ ತೋರಿಸಿ "128 ಜಿಬಿ ಸಾರ್, ಬರೀ 1,600" ಅಂದ ತಕ್ಷಣ ಜೇಬಿಗೆ ಕೈ ಹಾಕುವವರು ಒಂದು ನಿಮಿಷ ನಿಲ್ಲಿ. ನಾನು ಹಾಕಿದ್ದೆ. ಹೋದದ್ದು 1,600 ರೂಪಾಯಿ ಮಾತ್ರ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ.

ಅಪ್ಪ ಮದ್ದೂರಿನ ಹತ್ತಿರ ಊರಲ್ಲಿದ್ದಾರೆ. ಪ್ರಾಯದಲ್ಲಿ ಊರಿನ ಪೌರಾಣಿಕ ನಾಟಕಗಳಲ್ಲಿ ಭೀಮನ ಪಾರ್ಟು ಅವರದ್ದೇ. ರಾತ್ರಿ ಶುರುವಾದರೆ ಕೋಳಿ ಕೂಗುವವರೆಗೆ ನಡೆಯುವ ನಾಟಕಗಳು, ನಮ್ಮ ಕಡೆಯವರಿಗೆ ಗೊತ್ತೇ ಇರುತ್ತದೆ. ಚಿಕ್ಕಪ್ಪ ಹಾರ್ಮೋನಿಯಂ ಮೇಷ್ಟ್ರ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟು ಅದನ್ನೆಲ್ಲಾ ಹಿಡಿದಿದ್ದರು. ಒಟ್ಟು 31 ಕ್ಯಾಸೆಟ್, ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬದಲ್ಲಿ ಬೂಷ್ಟು ಹಿಡಿಯುತ್ತಾ ಕೂತಿದ್ದವು. ಹೋದ ಬೇಸಿಗೆಯಲ್ಲಿ ಅದನ್ನು ಮೈಸೂರಿಗೆ ತಂದು, ಹಳೇ ಟೇಪ್ ರೆಕಾರ್ಡರ್‌ನಿಂದ ಲ್ಯಾಪ್‌ಟಾಪಿಗೆ ವೈರ್ ಎಳೆದು, ಒಂದೊಂದಾಗಿ ಇಳಿಸಿದೆ. ಇದರಲ್ಲಿ ಅವಸರ ನಡೆಯುವುದಿಲ್ಲ, ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಬೇಕೇ ಬೇಕು. ಕ್ವಾಲಿಟಿ ಹೋಗಬಾರದು ಅಂತ ಎಂಪಿ3 ಮಾಡಿ ಕುಗ್ಗಿಸದೆ ವೇವ್ ಫೈಲ್ ಆಗಿಯೇ ಇಟ್ಟೆ. ಒಂದೊಂದೂ 600 ಎಂಬಿ ದಾಟಿತು.

ಇನ್ನು ಅಪ್ಪ ಕೇಳುವುದು ಯಾವುದರಲ್ಲಿ? ಅವರದ್ದು ಬಟನ್ ಫೋನು. ಗದ್ದೆ ಬದುವಿನ ಮೇಲೆ ಕೂತು ಕೇಳಲು ಜೇಬಿಗೆ ಹೋಗುವ ಒಂದು ಪ್ಲೇಯರ್ ಸಾಕಿತ್ತು. ಆದರೆ ಈಗ ಒಳ್ಳೆ ಪ್ಲೇಯರ್ ಎಲ್ಲಿ ಸಿಗುತ್ತದೆ ಹೇಳಿ? ಆಪಲ್ 2001ರಲ್ಲಿ ಶುರು ಮಾಡಿದ ಐಪಾಡನ್ನು 2022ರ ಮೇ ತಿಂಗಳಲ್ಲಿ ಪೂರ್ತಿ ನಿಲ್ಲಿಸಿತು. ಮೈಕ್ರೋಸಾಫ್ಟ್ 2006ರಲ್ಲಿ ಝೂನ್ ಅಂತ ಒಂದನ್ನು ತಂದು ಐದೇ ವರ್ಷಕ್ಕೆ ಕೈ ಬಿಟ್ಟಿತು. ಸೋನಿ ವಾಕ್‌ಮನ್ ಈಗಲೂ ಇದೆ, ಬೆಲೆ ಕೇಳಿದರೆ ಅಪ್ಪ ಅದೇ ದುಡ್ಡಲ್ಲಿ ಒಂದು ಕರು ಕಟ್ಟೋಣ ಅನ್ನುತ್ತಾರೆ.

ನನಗೆ ಈ ದೊಡ್ಡ ಕಂಪನಿಗಳ ಮೇಲೆ ಮೊದಲಿಂದಲೂ ಸಿಟ್ಟು. ಐಪಾಡಿಗೆ ಹಾಡು ಹಾಕಬೇಕಾದರೆ ಆಪಲ್‌ನದೇ ಸಾಫ್ಟ್‌ವೇರ್ ಐಟ್ಯೂನ್ಸ್ ಮೂಲಕವೇ ಹೋಗಬೇಕಿತ್ತು, ಪೆನ್‌ಡ್ರೈವಿಗೆ ಹಾಕಿದ ಹಾಗೆ ಸುಮ್ನೆ ಎಳೆದು ಹಾಕುವಂತಿರಲಿಲ್ಲ. ಮೈಕ್ರೋಸಾಫ್ಟಿನದ್ದು ಇನ್ನೂ ತಮಾಷೆ. ಬೇರೆ ಕಂಪನಿಗಳ ಪ್ಲೇಯರ್‌ಗಳಿಗೆಲ್ಲ ಪ್ಲೇಸ್‌ಫಾರ್‌ಶೂರ್ ಅಂತ ಒಂದು ಬೀಗದ ಪದ್ಧತಿ (ಕೊಂಡ ಹಾಡು ಆ ಪದ್ಧತಿ ಒಪ್ಪಿದ ಪ್ಲೇಯರ್‌ನಲ್ಲಿ ಮಾತ್ರ ಓಡುತ್ತದೆ) ಕೊಟ್ಟು, ಆ ಬೀಗದ ಹಾಡುಗಳನ್ನು ತಾನೇ ತಂದ ಝೂನ್‌ನಲ್ಲಿ ಓಡದ ಹಾಗೆ ಮಾಡಿತು. ನಂಬಿ ದುಡ್ಡು ಕೊಟ್ಟು ಹಾಡು ಕೊಂಡವರ ಕಥೆ ಏನು? ಹಾಗಾಗಿ ಯಾವ ದೊಡ್ಡ ಹೆಸರೂ ಬೇಡ, ಪೆನ್‌ಡ್ರೈವ್ ಥರ ಕೆಲಸ ಮಾಡುವ ಸಾದಾ ಡಬ್ಬಿ ಸಾಕು ಅಂತ ಹಟ ಹಿಡಿದು ಅರಸು ರಸ್ತೆ ಪಕ್ಕದ ಗಲ್ಲಿಯೊಂದಕ್ಕೆ ಹೋದೆ. ಬೀಗ ಹಾಕುವವರನ್ನು ಬೈದುಕೊಂಡು ಹೋಗಿ ಗೋಡೆಯೇ ಇಲ್ಲದ ಮನೆ ಕೊಂಡ ಹಾಗಾಯ್ತು.

ಕಂಪ್ಯೂಟರಿಗೆ ಹಾಕಿದರೆ 119 ಜಿಬಿ ಅಂತ ತೋರಿಸಿತು. ಅದು ಸರಿಯೇ, 128 ಅಂತ ಬರೆದದ್ದು ವಿಂಡೋಸ್ ಲೆಕ್ಕದಲ್ಲಿ 119 ಆಗುತ್ತದೆ. ಸರಿಯಾಗಿಯೇ ಇದೆಯಲ್ಲ ಅಂತ ನಾನು ಖುಷಿಪಟ್ಟದ್ದೇ ತಪ್ಪು. ಲ್ಯಾಪ್‌ಟಾಪ್ ತುಂಬಿ ಹೋಗಿತ್ತು ಅಂತ 31 ಫೈಲನ್ನೂ ಕಾಪಿ ಮಾಡದೆ ಕಟ್ ಮಾಡಿ ಪೇಸ್ಟ್ ಮಾಡಿದೆ. ಬೈಯಿರಿ, ನಾನೂ ದಿನಾ ಬೈದುಕೊಳ್ಳುತ್ತಿದ್ದೇನೆ. ಹೆಸರುಗಳೆಲ್ಲ ಕಾಣುತ್ತಿದ್ದವು, ಸೈಜೂ ಸರಿ ಇತ್ತು. ಮೊದಲ ಎರಡು ಹಾಕಿ ಕೇಳಿದೆ, ಚೆನ್ನಾಗಿ ಬಂತು. ಭಾನುವಾರ ರೈಲು ಹತ್ತಿ ಊರಿಗೆ ಹೋಗಿ ಕೊಟ್ಟು ಬಂದೆ.

ಎರಡು ವಾರ ಬಿಟ್ಟು ಅಪ್ಪನ ಫೋನು. "ಏನ್ಲಾ ಮಗ, ಭೀಮ ಗದೆ ಎತ್ತಿದೇಟ್ಗೆ ಗಂಟ್ಲೇ ಕಟ್ಕೋಯ್ತಲ್ಲ?"

13ನೇ ಕ್ಯಾಸೆಟ್ಟು, ಅರ್ಧ ಗಂಟೆ ಕಳೆದ ಮೇಲೆ. ಅಪ್ಪ ರಂಗಕ್ಕೆ ಬರುತ್ತಾರೆ, ಮೇಷ್ಟ್ರು ಒಂದು ಸಲ ಜೋರಾಗಿ ಬಾರಿಸುತ್ತಾರೆ, "ಎಲವೋ" ಅನ್ನುವುದು ಅರ್ಧ ಕೇಳಿಸುತ್ತದೆ, ಆಮೇಲೆ ಕರ್ರ್ ಅಂತ ಸದ್ದು, ಆಮೇಲೆ ಏನೂ ಇಲ್ಲ. 14ರಿಂದ 31ರವರೆಗೆ ಬರೀ ಹೆಸರು.

ಇದು ಹೇಗೆ ಮಾಡುತ್ತಾರೆ ಅಂದರೆ, ಒಳಗೆ 8 ಜಿಬಿ ಚಿಪ್ ಹಾಕಿ, ಅದು ಕಂಪ್ಯೂಟರಿಗೆ "ನಾನು 128" ಅಂತ ಸುಳ್ಳು ಹೇಳುವ ಹಾಗೆ ತಿದ್ದಿರುತ್ತಾರೆ. ಸೊಸೈಟಿ ರಿಜಿಸ್ಟರಿನಲ್ಲಿ 128 ಮೂಟೆ ಬರೆದು ಗೋದಾಮಿನಲ್ಲಿ ಎಂಟಕ್ಕೇ ಜಾಗ ಇದ್ದ ಹಾಗೆ. ಫೈಲ್‌ಗಳ ಹೆಸರಿನ ಪಟ್ಟಿ ಶುರುವಿನಲ್ಲೇ ಇರುತ್ತದೆ, ಅದಕ್ಕೇ ಪಟ್ಟಿ ನೋಡಿದರೆ ಎಲ್ಲ ಸರಿ ಅನ್ನಿಸುತ್ತದೆ. ಜಾಗ ಮುಗಿದ ಮೇಲೆ ಹಾಕಿದ್ದು ಕಳೆದುಹೋಗುತ್ತದೆ, ಕೆಲವು ಚಿಪ್‌ಗಳಲ್ಲಿ ಹಳೆಯದರ ಮೇಲೇ ಬರೆದುಕೊಳ್ಳುತ್ತದೆ. ಮೆಮೊರಿ ಕಾರ್ಡ್, ಪೆನ್‌ಡ್ರೈವ್‌ಗಳಲ್ಲೂ ಇದೇ ಆಟ.

ಲ್ಯಾಪ್‌ಟಾಪಿನಿಂದ ಅಳಿಸಿದ್ದನ್ನು ತೆಗೆಯಬಹುದಾ ಅಂತ ಸರಸ್ವತಿಪುರಂನ ರಿಪೇರಿ ಹುಡುಗನ ಹತ್ತಿರ ಹೋದೆ. ಲ್ಯಾಪ್‌ಟಾಪಿನಲ್ಲಿರುವುದು ಎಸ್‌ಎಸ್‌ಡಿ, ಅಂದರೆ ಚಿಪ್‌ಗಳ ಹೊಸ ಥರದ ಡಿಸ್ಕ್, ಅಂದ ತಕ್ಷಣ ತಲೆ ಅಲ್ಲಾಡಿಸಿದ. ಹಳೇ ಥರದ ಹಾರ್ಡ್ ಡಿಸ್ಕ್ ಆಗಿದ್ದರೆ ನೋಡಬಹುದಿತ್ತಂತೆ. ಇದರಲ್ಲಿ ಅಳಿಸಿದ ಜಾಗವನ್ನು ಡಿಸ್ಕೇ ಖಾಲಿ ಮಾಡಿಬಿಡುತ್ತದೆ.

ಅಂಗಡಿಯವನು "ಚೈನಾ ಐಟಂ ಸಾರ್, ಆವತ್ತೇ ಗ್ಯಾರಂಟಿ ಇಲ್ಲ ಅಂದಿದ್ನಲ್ಲ" ಅಂದ. ಅಂದಿರಲಿಲ್ಲ. ಬಿಲ್ಲೂ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಫೋನಿನಲ್ಲಿ ದುಡ್ಡು ಹೋದ ಹೆಸರು ನೋಡಿದರೆ ಅಂಗಡಿಯದ್ದಲ್ಲ, ಯಾರೋ ಹೆಂಗಸಿನದು. ಬಿಲ್ ಇರುವವರು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕವೂ ಇಲ್ಲ. ನನ್ನ ಹಾಗೆ ಕೈ ಬೀಸಿಕೊಂಡು ಹೋಗಿ ಜಗಳಕ್ಕೆ ನಿಂತರೆ ಪಕ್ಕದ ಅಂಗಡಿಯವರಿಗೆ ಮನರಂಜನೆ, ಅಷ್ಟೇ.

ತಗೊಂಡ ದಿನವೇ ಪರೀಕ್ಷೆ ಮಾಡಿ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ಗೆ ಎಫ್3 ಅಂತ ಪುಕ್ಕಟೆ ಸಾಫ್ಟ್‌ವೇರ್ ಇವೆ. ಪೂರ್ತಿ ತುಂಬಿಸಿ, ಮತ್ತೆ ಓದಿ, ನಿಜವಾಗಿ ಎಷ್ಟಿದೆ ಅಂತ ಹೇಳುತ್ತವೆ. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ನಾನು ಎಲ್ಲ ಮುಗಿದ ಮೇಲೆ ಓಡಿಸಿದೆ, 8ಕ್ಕೂ ಸ್ವಲ್ಪ ಕಡಿಮೆಯೇ ಬಂತು. ಪರೀಕ್ಷೆ ಮುಗಿಯುವವರೆಗೆ ಮೂಲ ಫೈಲ್ ಮುಟ್ಟಬೇಡಿ.

ಈಗ ಮತ್ತೆ ಕ್ಯಾಸೆಟ್ ಓಡಿಸುತ್ತಿದ್ದೇನೆ. ಹೋದ 19ರಲ್ಲಿ 14 ಸಿಕ್ಕಿವೆ. ನಾಲ್ಕು ಬೂಷ್ಟು ಹಿಡಿದು ಗೊಗ್ಗರು ದನಿ. ಆ 13ನೆಯದರ ಟೇಪು ಎರಡನೇ ಸಲ ಹಾಕಿದಾಗ ಒಳಗೇ ಕಿತ್ತುಹೋಯ್ತು. ಸ್ಕ್ರೂ ಇಲ್ಲದ, ಅಂಟಿಸಿದ ಥರದ ಕ್ಯಾಸೆಟ್ಟು, ಬಿಚ್ಚಲು ಧೈರ್ಯ ಬರುತ್ತಿಲ್ಲ. ಮೈಸೂರು, ಮಂಡ್ಯ ಕಡೆ ಇದನ್ನು ಜೋಡಿಸುವ ಹಳೇ ಟೇಪ್ ರಿಪೇರಿಯವರು ಯಾರಾದರೂ ಇನ್ನೂ ಇದ್ದರೆ ದಯವಿಟ್ಟು ಹೇಳಿ, ನಾನೇ ತಂದು ಕೊಡುತ್ತೇನೆ.