ದಪ್ಪ ಪ್ಲೈನ ಕೇರಂ ಬೋರ್ಡ್: ಕೆಲವು ಮಳೆಗಾಲ ಕಳೆದ ಮೇಲೆ

ಕೇರಂ ಬೋರ್ಡಿನ ವಿಮರ್ಶೆ ಹುಡುಕಿದರೆ ಸಿಗೋದೆಲ್ಲ ಪ್ಯಾಕಿಂಗ್ ಬಿಚ್ಚಿದ ದಿನವೇ ಬರೆದದ್ದು. ಹೊಳಪು ಚೆನ್ನಾಗಿದೆ, ಬೇಗ ಬಂತು, ಮಕ್ಕಳಿಗೆ ಖುಷಿ. ಸರಿ, ಆದರೆ ಬೋರ್ಡಿನ ಬಣ್ಣ ಬಯಲಾಗೋದು ಎರಡನೇ ಮಳೆಗಾಲದಲ್ಲಿ. ನಾವಿರೋದು ಮಲೆನಾಡಿನ ಸಾಗರದ ಕಡೆ. ಜೂನ್ ಬಂತು ಅಂದ್ರೆ ಚಪ್ಪಲಿಗೆ, ಬೆಲ್ಟಿಗೆ, ಬೀರುವಿನೊಳಗಿನ ಬ್ಯಾಗಿಗೆ ಎಲ್ಲಾ ಬೂಷ್ಟು. ಇಂಥ ಊರಲ್ಲಿ ಕೆಲವು ಮಳೆಗಾಲ ಕಳೆದ ಬೋರ್ಡ್ ಬಗ್ಗೆ ಬರೆಯುತ್ತಿದ್ದೇನೆ, ಕೊಳ್ಳೋ ಯೋಚನೆ ಇದ್ದವರಿಗೆ ಉಪಯೋಗ ಆದೀತು. ಕಂಪನಿ ಹೆಸರು ಹೇಳಲ್ಲ. ಹೇಳಿಯೂ ಪ್ರಯೋಜನ ಇಲ್ಲ, ಯಾಕಂದ್ರೆ ಒಂದೇ ಹೆಸರಿನಲ್ಲಿ ತೆಳು ಪ್ಲೈದೂ ಬರುತ್ತೆ, ದಪ್ಪ ಪ್ಲೈದೂ ಬರುತ್ತೆ. ನೋಡಬೇಕಾದ್ದು ದಪ್ಪವನ್ನ.

ನಮ್ಮದು ಟೂರ್ನಮೆಂಟ್ ಸೈಜು. ಆಡೋ ಜಾಗ 74 ಸೆಂ.ಮೀ. ಚೌಕ, ಸುತ್ತಲಿನ ಮರದ ಕಟ್ಟು ಸೇರಿದರೆ ಸುಮಾರು 35 ಇಂಚು. ಪ್ಲೈ 12 ಮಿ.ಮೀ. ಸ್ಪರ್ಧೆಯ ನಿಯಮ ಕೇಳೋದು ಕನಿಷ್ಠ 8 ಮಿ.ಮೀ. ಮಾತ್ರ. ಆಟಿಕೆ ಅಂಗಡಿಯಲ್ಲಿ ಮಕ್ಕಳಿಗೆ ಅಂತ ಕೊಡೋದರಲ್ಲಿ ಮೂರು ನಾಲ್ಕು ಮಿ.ಮೀ. ಇದ್ದರೆ ಹೆಚ್ಚು. ಅದರ ಕೆಳಗೆ ಅಡ್ಡಪಟ್ಟಿ ಕೂಡ ಇರಲ್ಲ, ಒಂದು ಮಳೆಗೆ ನಡು ಕುಸಿಯುತ್ತೆ, ಆಮೇಲೆ ಕಾಯಿನ್ ಎಲ್ಲಿ ಹೊಡೆದರೂ ಮಧ್ಯಕ್ಕೇ ಜಾರಿ ಬರುತ್ತೆ. ನಮ್ಮ ಮನೆಯ ಹಳೇ ಬೋರ್ಡ್ ಹಾಗೇ ಆಗಿ, ಈಗ ಅಟ್ಟದ ಮೇಲೆ ಅಡಿಕೆ ಒಣಗಿಸೋಕೆ ಇದೆ. ಅದಕ್ಕೆ ಪರವಾಗಿಲ್ಲ.

ಕೊಳ್ಳುವಾಗ ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಪೌಡರ್ ಹಾಕಿಸಿ, 15 ಗ್ರಾಂ ಸ್ಟ್ರೈಕರ್ ಇಟ್ಟು ಎದುರಿನ ಕಟ್ಟಿಗೆ ಜೋರಾಗಿ ಹೊಡೆಯಿರಿ. ಅದು ಹೋಗಿ ಬಂದು ಹೋಗಿ ಬಂದು ಮೂರೂವರೆ ಸುತ್ತು ಮುಗಿಸಬೇಕು. ಇದು ನಾನು ಹುಟ್ಟಿಸಿದ್ದಲ್ಲ, ಅಂತರರಾಷ್ಟ್ರೀಯ ಕೇರಂ ಫೆಡರೇಶನ್ನಿನ ನಿಯಮದಲ್ಲೇ ಇದೆ. ಆಮೇಲೆ ಒಂದು ಸ್ಟೀಲ್ ಸ್ಕೇಲನ್ನ ಆಡೋ ಜಾಗದ ಮೇಲೆ ಮೂಲೆಯಿಂದ ಮೂಲೆಗೆ, ಸ್ಕೇಲಿನ ಅಂಚು ಕೆಳಗೆ ಬರೋ ಹಾಗೆ ನಿಲ್ಲಿಸಿ, ಕೆಳಗಿಂದ ಬೆಳಕು ಕಾಣುತ್ತಾ ಅಂತ ಬಗ್ಗಿ ನೋಡಿ. ಅಂಗಡಿಯವರು ಮುಖ ಗಂಟು ಹಾಕ್ತಾರೆ, ಹಾಕಲಿ. ನಮ್ಮ ಬೋರ್ಡ್ ಬಂದ ಹೊಸದರಲ್ಲಿ ನಾಲ್ಕು ಸುತ್ತಿಗೆ ಹತ್ತಿರ ಓಡುತ್ತಿತ್ತು. ಈಗಲೂ ಬೇಸಿಗೆಯಲ್ಲಿ ಮೂರೂವರೆ ಆರಾಮಾಗಿ ಆಗುತ್ತೆ. ಜುಲೈನಲ್ಲಿ ಮಾತ್ರ ಎರಡೂವರೆಗೆ ಉಸ್ಸಪ್ಪಾ ಅಂತ ನಿಲ್ಲುತ್ತೆ.

ಜುಲೈ ವಿಷಯಕ್ಕೆ ಬರ್ತೀನಿ. ದಪ್ಪ ಪ್ಲೈ ಇದ್ದರೆ ಬೋರ್ಡ್ ಬಾಗಲ್ಲ, ಇಷ್ಟು ವರ್ಷಕ್ಕೂ ನಮ್ಮದು ಬಾಗಿಲ್ಲ. ಆದರೆ ಮೈ ತೇವ ಹಿಡಿಯೋದನ್ನ ಯಾವ ಪಾಲಿಶೂ ತಡೆಯಲ್ಲ. ಬೆರಳು ಎಳೆದರೆ ಗೊತ್ತಾಗುತ್ತೆ, ಸಣ್ಣಗೆ ಅಂಟಂಟು. ಹಾಕಿದ ಪೌಡರ್ ಸ್ಟ್ರೈಕರಿನ ಅಡಿಯಲ್ಲಿ ಚಕ್ಕೆ ಕಟ್ಟಿಕೊಳ್ಳುತ್ತೆ, ಬಿಳಿ ಉಂಗುರದ ಹಾಗೆ. ಅದನ್ನ ಉಗುರಿನಿಂದ ಕೆರೆದು ತೆಗೆಯದೆ ಹೊಡೆದರೆ ನೇರ ಹೋಗೋ ಸ್ಟ್ರೈಕರ್ ಕೊನೆಗೆ ಸ್ವಲ್ಪ ಎಡಕ್ಕೆ ತಿರುಗುತ್ತೆ, ಆಡುವವರು ತಮ್ಮ ಕೈ ಸರಿಯಿಲ್ಲ ಅಂದ್ಕೋತಾರೆ. ಒದ್ದೆ ಬಟ್ಟೆ ಯಾವ ಕಾರಣಕ್ಕೂ ಬೇಡ. ಹಳೇ ಕಾಟನ್ ಪಂಚೆಯ ತುಂಡಿನಿಂದ ಒಣಗಿದ್ದ ಹಾಗೇ ಒರೆಸಿ, ಆಟಕ್ಕೆ ಅರ್ಧ ಗಂಟೆ ಮೊದಲು ಅರವತ್ತು ವ್ಯಾಟಿನ ಬುರುಡೆ ಬಲ್ಬು ಮೇಲೆ ಹಚ್ಚಿಡಿ. ಬೆಳಕಿಗೂ ಆಯ್ತು, ಬಿಸಿಗೂ ಆಯ್ತು. ಎಲ್‌ಇಡಿಯಲ್ಲಿ ಆ ಬಿಸಿ ಎಲ್ಲಿಂದ ಬರಬೇಕು? ಬೋರ್ಡಿನ ನೇರಕ್ಕೆ ಟೋಪಿ ಹಾಕಿ ತೂಗುಬಿಟ್ಟ ದೀಪ ಇದ್ದರೆ ಕೈಯ ನೆರಳು ಕಾಯಿನ್ ಮೇಲೆ ಬೀಳಲ್ಲ, ಗೋಡೆಯ ಟ್ಯೂಬ್‌ಲೈಟಿನಲ್ಲಿ ಆಡಿದವರಿಗೆ ಈ ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ. ಕರೆಂಟ್ ಹೋದರೆ? ಹೋಗೇ ಹೋಗುತ್ತೆ. ಚಾರ್ಜಿಂಗ್ ಲೈಟನ್ನ ಅದೇ ಕೊಕ್ಕೆಗೆ ನೇತು ಹಾಕ್ತೀವಿ. ನಿಜ ಹೇಳಬೇಕಂದ್ರೆ ಈ ಬೋರ್ಡಿನ ಮೇಲೆ ಅತಿ ಜಾಸ್ತಿ ಆಟ ಆಗಿರೋದು ಕರೆಂಟ್ ಇಲ್ಲದ ಸಂಜೆಗಳಲ್ಲೇ, ಟಿವಿ ಇಲ್ಲ, ನೆಟ್ ಇಲ್ಲ, ಮಗನ ಮೊಬೈಲಿನ ಕೇರಂಗೂ ಚಾರ್ಜ್ ಇಲ್ಲ.

ಈಗ ಬೈಯೋ ಭಾಗ. ಬೋರ್ಡ್ ಜೊತೆ ಉಚಿತ ಅಂತ ಬಂದ ಸಾಮಾನು ಒಂದೂ ಕೆಲಸಕ್ಕೆ ಬಾರದ್ದು. ಕಾಯಿನ್ ಒಂದೊಂದೂ ಒಂದೊಂದು ದಪ್ಪ. ನಿಯಮದ ಪ್ರಕಾರ ಅಗಲ 3.02ರಿಂದ 3.18 ಸೆಂ.ಮೀ., ತೂಕ 5ರಿಂದ ಐದೂವರೆ ಗ್ರಾಂ ಇರಬೇಕು. ಬಂದದ್ದನ್ನ ನಮ್ಮ ಯಜಮಾನರು ಪರಿಚಯದ ಬಂಗಾರದ ಅಂಗಡಿಯಲ್ಲಿ ತೂಗಿಸಿಕೊಂಡು ಬಂದರು, ಕೆಲವು ನಾಲ್ಕು ಗ್ರಾಮೂ ಇರಲಿಲ್ಲ. ಹಗುರ ಕಾಯಿನ್ ಪಾಕೆಟಿನ ಬಾಯಿಗೆ ಹೋಗಿ ಮಗುಚಿ ನಿಲ್ಲುತ್ತೆ. ಸ್ಟ್ರೈಕರ್ ಅದಕ್ಕೆ ಪೂರ್ತಿ ಉಲ್ಟಾ, ಒಳಗೆ ಹೂವಿನ ಚಿತ್ರ ಇದ್ದ ದಪ್ಪ ಪ್ಲಾಸ್ಟಿಕ್, ಇಪ್ಪತ್ತು ಗ್ರಾಂ ದಾಟಿತ್ತು. 15 ಗ್ರಾಂಗಿಂತ ಭಾರ ಇರಬಾರದು, ಅಗಲ 4.13 ಸೆಂ.ಮೀ. ಮೀರಬಾರದು. ಭಾರದ್ದರಲ್ಲಿ ಹೊಡೆದರೆ ಮಕ್ಕಳಿಗೆ ಮಜಾ, ಕಾಯಿನ್‌ಗೆ ಸಾವು. ಎರಡು ಕಾಯಿನ್ ಅಂಚು ಸೀಳಿದ ಮೇಲೆ ಅದನ್ನ ಪೇಪರ್ ಹಾರದಂತೆ ಇಡೋಕೆ ಬಳಸ್ತಿದ್ದೀವಿ. ಕಂಪನಿಗೆ ಫೋನ್ ಮಾಡಿದರೆ "ಅದು ಫ್ರೀ ಅಲ್ವಾ ಮೇಡಂ" ಅಂದರು. ಬೇರೆ ಕಾಯಿನ್ ಸೆಟ್, ಬೇರೆ ಸ್ಟ್ರೈಕರ್ ತರಿಸಿದ ಮೇಲೆಯೇ ಬೋರ್ಡಿನ ನಿಜವಾದ ಓಟ ಗೊತ್ತಾದದ್ದು. ಬಜೆಟ್ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.

ಪಾಕೆಟಿನ ಬಲೆ ಇನ್ನೊಂದು ತಲೆನೋವು. ನೂಲಿನ ಬಲೆಯನ್ನ ಸಣ್ಣ ಪಿನ್ ಹೊಡೆದು ಕೂರಿಸಿದ್ದರು, ವರ್ಷ ತುಂಬೋದರೊಳಗೆ ಪಿನ್ ತುಕ್ಕು ಹಿಡಿದು ಒಂದೊಂದಾಗಿ ಕಳಚಿಕೊಂಡಿತು. ಅತ್ತೆ ಪ್ಲಾಸ್ಟಿಕ್ ದಾರದಲ್ಲಿ ಹೊಸ ಬಲೆ ಹೆಣೆದರು. ಮೊದಲಿನದಕ್ಕಿಂತ ಗಟ್ಟಿ, ಬಣ್ಣ ಮಾತ್ರ ನಾಲ್ಕು ಮೂಲೆಗೆ ನಾಲ್ಕು.

ಪೌಡರ್ ಬಗ್ಗೆ ಸ್ವಲ್ಪ ಗಂಭೀರವಾಗಿ ಹೇಳಬೇಕು. ಕೇರಂ ಪೌಡರ್ ಅಂತ ಸಿಗೋದು ಹೆಚ್ಚಾಗಿ ಬೋರಿಕ್. ಜಿರಳೆಗೆ ಹಿಟ್ಟು ಸಕ್ಕರೆ ಜೊತೆ ಕಲಸಿ ಉಂಡೆ ಮಾಡಿ ಮೂಲೆಗೆ ಇಡ್ತಾರಲ್ಲ, ಅದೇ ಬೋರಿಕ್. ಹೊಟ್ಟೆಗೆ ಹೋಗಬಾರದು. ಆದರೆ ಕೇರಂ ಆಡೋವಾಗ ಪಕ್ಕದಲ್ಲಿ ಮಂಡಕ್ಕಿ ಇರದೇ ಇರುತ್ತಾ? ನಮ್ಮನೆಯಲ್ಲಿ ಬಟ್ಟಲಿಗೆ ಚಮಚ ಹಾಕೋದು ಕಡ್ಡಾಯ, ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯೋದೂ ಕಡ್ಡಾಯ. ಅಂಬೆಗಾಲಿಡೋ ಮಗು ಇದ್ದ ಮನೆಯಲ್ಲಿ ನೆಲದ ಮೇಲೆ ಬೋರ್ಡ್ ಇಟ್ಟು ಆಡಬೇಡಿ, ಚೆಲ್ಲಿದ ಪೌಡರ್ ಅವಕ್ಕೇ ಮೊದಲು ಸಿಗೋದು. ಬೋರಿಕ್ ಬೇಡ ಅಂತ ಒಮ್ಮೆ ನೆಂಟರ ಹುಡುಗ ಮುಖದ ಪೌಡರ್ ಸುರಿದ. ಘಮಘಮ ಅಂತು, ಹತ್ತು ನಿಮಿಷಕ್ಕೆ ಬೋರ್ಡಿಗೆಲ್ಲ ಅಂಟಿಕೊಂಡು ಕಾಯಿನ್ ಕದಲಲಿಲ್ಲ. ಆಲೂಗೆಡ್ಡೆ ಪಿಷ್ಟದ ಪೌಡರ್ ಸಿಗುತ್ತೆ, ಬೇಸಿಗೆಗೆ ಚೆನ್ನಾಗಿದೆ, ನಮ್ಮ ಮಳೆಗೆ ಸೋಲುತ್ತೆ. ಯಾವುದೇ ಆಗಲಿ ಚಿಟಿಕೆ ಸಾಕು, ಬೋರ್ಡ್ ಬೆಳ್ಳಗೆ ಕಾಣೋವಷ್ಟು ಹಾಕಿದರೆ ಉಪಯೋಗಕ್ಕಿಂತ ಕೆಮ್ಮು ಜಾಸ್ತಿ.

ಸ್ಟ್ಯಾಂಡಿಗೆ ಬೇರೆ ದುಡ್ಡು ಯಾಕೆ ಅನಿಸುತ್ತೆ. ತಗೊಳ್ಳಿ. ಇಲ್ಲಾಂದ್ರೆ ಬೋರ್ಡ್ ಮಂಚದ ಕೆಳಗೆ ಸೇರುತ್ತೆ, ಮಂಚದ ಕೆಳಗೆ ಸೇರಿದ್ದು ವರ್ಷಕ್ಕೊಂದು ಸಲ ದೀಪಾವಳಿಗೆ ಹೊರಗೆ ಬರುತ್ತೆ. ಈ ದಪ್ಪದ ಬೋರ್ಡನ್ನ ಒಬ್ಬರೇ ಎತ್ತಿ ಹಾಕೋಕೆ ಆಗಲ್ಲ, ಎತ್ತೋಕೆ ಇಬ್ಬರು ಬೇಕು ಅಂದ್ರೆ ಆಟವೇ ಬೇಡ ಅನ್ನಿಸಿಬಿಡುತ್ತೆ. ನಮ್ಮದು ಜಗಲಿಯ ಮೂಲೆಯಲ್ಲಿ ಸ್ಟ್ಯಾಂಡ್ ಮೇಲೆ ಸದಾ ಬಿಚ್ಚಿಕೊಂಡೇ ಇರುತ್ತೆ, ಮೇಲೆ ಹಳೇ ಬೆಡ್‌ಶೀಟ್ ಮುಚ್ಚಿರುತ್ತೆ, ಅಷ್ಟೇ. ಹಾಲು ಕಾಯೋಕೆ ಇಟ್ಟು ಬಂದು ಒಬ್ಬಳೇ ನಾಲ್ಕು ಕಾಯಿನ್ ಹೊಡೆದು ಹೋಗ್ತೀನಿ. ಈ ಸುಖಕ್ಕೆ ಬೆಲೆ ಕಟ್ಟೋಕಾಗಲ್ಲ. ಸ್ಟ್ಯಾಂಡ್ ಎತ್ತರ 63ರಿಂದ 70 ಸೆಂ.ಮೀ. ಇರಲಿ, ಕುರ್ಚಿಯಲ್ಲಿ ಕೂತರೆ ಮೊಣಕೈ ಸರಿಯಾಗಿ ಬರುತ್ತೆ. ಮಂಡಿ ನೋವಿನ ಅತ್ತೆ ಮತ್ತೆ ಕೇರಂಗೆ ಬಂದದ್ದೇ ಕುರ್ಚಿ ಬಂದ ಮೇಲೆ.

ಅತ್ತೆಯ ಆಟದ ಬಗ್ಗೆ ಹೇಳದೆ ಈ ಬೋರ್ಡಿನ ವಿಮರ್ಶೆ ಮುಗಿಯಲ್ಲ. ಅವರು ಕೂರೋ ಕಡೆಯ ಗೆರೆಯ ಹತ್ತಿರ ಬಗ್ಗಿ ನೋಡಿದರೆ ಪಾಲಿಶ್ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರುಗಳು, ಎಲ್ಲಾ ಒಂದೇ ದಿಕ್ಕಿಗೆ. ನಡುಬೆರಳಿನ ಉಗುರು ತಾಗಿ ಆದದ್ದು. ಬೇರೆ ಮೂರು ಕಡೆ ಹಾಗಿಲ್ಲ. ಗೆರೆಯ ಹಿಂದಿರೋ ಕಾಯಿನ್‌ಗೆ ನಾವೆಲ್ಲ ಎದುರಿನ ಕಟ್ಟಿಗೆ ಹೊಡೆದು ವಾಪಸ್ ಬರಲಿ ಅಂತ ದೇವರನ್ನ ನೆನೆದರೆ, ಅವರು ಹೆಬ್ಬೆರಳಿನಲ್ಲಿ ಹಿಂದಕ್ಕೇ ತಳ್ಳಿ ಹಾಕಿಬಿಡ್ತಾರೆ. "ಅತ್ತೆ, ಅದು ಫೌಲ್" ಅಂದ ನನಗೆ "ಯಾವ ಊರಲ್ಲೇ ಫೌಲು? ಹೆಬ್ಬೆರಳು ಬೆರಳಲ್ವಾ?" ಅಂದಿದ್ದರು. ನಿಯಮ ತೆಗೆದು ನೋಡಿದರೆ ಅವರದ್ದೇ ಸರಿ, ಥಂಬ್ ಶಾಟ್‌ಗೆ ಅಡ್ಡಿ ಇಲ್ಲ.

ಲೆಕ್ಕದ ಜಗಳ ಇನ್ನೂ ಬಗೆಹರಿದಿಲ್ಲ. ಮನೆಯ ಆಟದಲ್ಲಿ ಕಪ್ಪಿಗೆ ಹತ್ತು, ಬಿಳಿಗೆ ಇಪ್ಪತ್ತು, ರೆಡ್‌ಗೆ ಐವತ್ತು, ರೆಡ್ ಹಾಕಿದ ಮೇಲೆ ಫಾಲೋ, ಅಂದ್ರೆ ಅದರ ಹಿಂದೆಯೇ ಇನ್ನೊಂದು ಕಾಯಿನ್ ಹಾಕಬೇಕು. ಸ್ಪರ್ಧೆಯಲ್ಲಿ ಎದುರಾಳಿಯ ಉಳಿದ ಕಾಯಿನ್‌ಗೆ ಒಂದೊಂದು ಪಾಯಿಂಟ್, ರೆಡ್‌ಗೆ ಮೂರು, 25 ಪಾಯಿಂಟ್ ಅಥವಾ ಎಂಟು ಬೋರ್ಡ್ (ಒಂದು ಸುತ್ತಿನ ಆಟಕ್ಕೂ ಬೋರ್ಡ್ ಅಂತಾರೆ), ಯಾವುದು ಮೊದಲೋ ಅದು. ಇದನ್ನೆಲ್ಲ ಒಂದು ಹದಕ್ಕೆ ತಂದ ಅಂತರರಾಷ್ಟ್ರೀಯ ಫೆಡರೇಶನ್ ಹುಟ್ಟಿದ್ದೂ ದೂರದಲ್ಲೇನಲ್ಲ, 1988ರಲ್ಲಿ ಆಗಿನ ಮದ್ರಾಸಿನಲ್ಲಿ. ಇದೇನು ಆಟವಾ, ಟೈಂಪಾಸ್ ಅಂತ ಮೂಗು ಮುರಿಯೋ ನಮ್ಮ ಮೈದುನನಿಗೆ ತಮಿಳುನಾಡಿನ ಮರಿಯ ಇರುದಯಂ ಅವರಿಗೆ ಕೇರಂಗೇ ಅರ್ಜುನ ಪ್ರಶಸ್ತಿ ಬಂದಿದೆ ಅಂತ ಹೇಳಿದೆ. ನಂಬಲಿಲ್ಲ, ಮೊಬೈಲಲ್ಲಿ ನೋಡಿದ, ಸುಮ್ಮನಾದ. ಈಗ ಭಾನುವಾರ ಬರ್ತಾನೆ, ಸೋತು ಹೋಗ್ತಾನೆ.

ಬೆಂಗಳೂರಿನ ಫ್ಲ್ಯಾಟಿಗೆ ಇದೇ ಬೋರ್ಡ್ ತಗೋಬಹುದಾ ಅಂತ ತಂಗಿ ಕೇಳಿದ್ದಳು. ಜಾಗ ಇದ್ದರೆ ಧಾರಾಳವಾಗಿ. ಒಬ್ಬೊಬ್ಬರು ಕೂತು ಕೈ ಚಾಚೋಕೆ ನಾಲ್ಕೂ ಕಡೆ ಎರಡಡಿ ಬಿಡಬೇಕು, ಅಂದ್ರೆ ಸಣ್ಣ ಹಾಲಿನ ಸೋಫಾ ಹೋಗಬೇಕಾಗುತ್ತೆ. ಅಷ್ಟು ಜಾಗ ಇಲ್ಲದಿದ್ದರೆ ಸೈಜಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಪ್ಲೈ ದಪ್ಪದಲ್ಲಿ ಇಳಿಯಬೇಡಿ. ಮತ್ತೆ ದಪ್ಪ ಬೋರ್ಡಿನ ಸದ್ದು ಜೋರು, ಬ್ರೇಕ್, ಅಂದ್ರೆ ಆಟದ ಮೊದಲ ಹೊಡೆತ, ಹೊಡೆದರೆ ಕೆಳಗಿನ ಮನೆಯವರಿಗೆ ಕೇಳುತ್ತೆ. ಸ್ಟ್ಯಾಂಡಿನ ನಾಲ್ಕು ಕಾಲಿಗೆ ರಬ್ಬರ್ ಬುಷ್ ಹಾಕಿಸು, ರಾತ್ರಿ ಹತ್ತರ ಮೇಲೆ ಆಡೋದಾದರೆ ಅವರನ್ನೂ ಮೇಲಕ್ಕೆ ಕರಿ ಅಂದಿದ್ದೀನಿ.