ಬಾದಾಮಿ ಒಂದು ದಿನದ ಪ್ರವಾಸ: ಹಿರಿಯರು, ಮಕ್ಕಳು ಜತೆಗಿದ್ದರೆ ಹೇಗೆ?

ಬಾಗಲಕೋಟೆ, ವಿಜಯಪುರ, ಬೆಳಗಾವಿ ಎಲ್ಲಿಂದ ಗಾಡಿ ಕೇಳಿದರೂ ಸಿಗುವ ಪ್ಯಾಕೇಜು ಒಂದೇ: ಬಾದಾಮಿ, ಪಟ್ಟದಕಲ್ಲು, ಐಹೊಳೆ, ನಡುವೆ ಮಹಾಕೂಟ, ಬನಶಂಕರಿ, ಎಲ್ಲಾ ಒಂದೇ ದಿನಕ್ಕೆ. ಕಾಲೇಜು ಹುಡುಗರಿಗೆ ಅದು ನಡೆದೀತು. ಅಜ್ಜಿ, ಮೊಮ್ಮಕ್ಕಳು ಇರುವ ಕುಟುಂಬಕ್ಕೆ ಬೇಡ. ಪಟ್ಟದಕಲ್ಲು ಇಪ್ಪತ್ತೆರಡು ಕಿಲೋಮೀಟರ್ ಅಷ್ಟೇ, ದೂರದ ಮಾತಲ್ಲ. ಆದರೆ ಆ ಓಟದಲ್ಲಿ ಬಾದಾಮಿ ಅಂದರೆ ಮೇಣಬಸದಿ, ಅಂದರೆ ಬಂಡೆ ಕೊರೆದ ನಾಲ್ಕು ಗುಹಾಲಯ, ಹತ್ತಿ ಇಳಿಯುವುದು, ಮುಗೀತು. ಅಗಸ್ತ್ಯತೀರ್ಥ ಕೆರೆಯ ಆಚೆ ದಂಡೆಗೆ ಹೋಗಲು ಡ್ರೈವರ್ ಟೈಮೇ ಕೊಡುವುದಿಲ್ಲ. ಊರಿನ ಅರ್ಧ ಸೊಗಸು ಇರುವುದೇ ಆಚೆ.

ಮೊದಲು ವಾರ ನೋಡಿಕೊಳ್ಳಿ. ಶುಕ್ರವಾರ ಪುರಾತತ್ವ ಇಲಾಖೆಯ ಮ್ಯೂಸಿಯಂ ಬಂದ್. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳ ಸಾಲು. ಹತ್ತು ಗಂಟೆ ದಾಟಿದರೆ ಗುಹೆಯೊಳಗೆ ಸೀಟಿಯ ಸದ್ದೇ ಸದ್ದು. ಬನದ ಹುಣ್ಣಿಮೆ ಜಾತ್ರೆಯ ದಿನಗಳಲ್ಲಿ ಬನಶಂಕರಿ ರಸ್ತೆ ತುಂಬಿ ಹೋಗಿರುತ್ತದೆ, ಜಾತ್ರೆಗೇ ಹೊರಟವರಾದರೆ ಮಾತು ಬೇರೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕೆಂಪು ಮರಳುಗಲ್ಲು ಕಾದ ಹಂಚಿನಂತಾಗುತ್ತದೆ.

ಮೇಣಬಸದಿಗೆ ಬೆಳಗ್ಗೆ ಬೇಗ ಹೋಗಬೇಕು. ಟಿಕೆಟ್ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಶೌಚಾಲಯದ ಕೆಲಸ ಕೆಳಗೇ ಮುಗಿಸಿಕೊಳ್ಳಿ, ಮೇಲೆ ಏನೂ ಇಲ್ಲ. ಗೈಡ್ ಬೇಕಿದ್ದರೆ ರೇಟು, ಸಮಯ ಎರಡನ್ನೂ ಮೊದಲೇ ಮಾತಾಡಿ: ಗುಹೆಗಳಿಗಷ್ಟೇನಾ, ಕೆರೆ ದಂಡೆಯ ಭೂತನಾಥ ಗುಡಿಯವರೆಗಾ ಎಂದು ಬಿಡಿಸಿ ಕೇಳಿ. ತಕರಾರು ಬರುವುದೇ ಅಲ್ಲಿ.

ಒಂದನೇ ಗುಹೆಗೆ ಹತ್ತುವುದು ಸುಲಭ. ಅಲ್ಲಿಂದ ಎರಡನೆಯದಕ್ಕೆ ಸುಮಾರು 64 ಮೆಟ್ಟಿಲು, ಮೂರನೆಯದಕ್ಕೆ ಮತ್ತೆ ಅರವತ್ತರಷ್ಟು. ಮೆಟ್ಟಿಲು ಒಂದೇ ಎತ್ತರಕ್ಕಿಲ್ಲ, ಮೊಣಕಾಲು ನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮೇಲೆ ಹೋಗಲಾಗದವರು ಒಂದನೇ ಗುಹೆಯಲ್ಲೇ ಕೂತರೂ ನಷ್ಟವಿಲ್ಲ, ಹದಿನೆಂಟು ಕೈಯ ನಟರಾಜ ಇರುವುದು ಅಲ್ಲೇ. ಮಕ್ಕಳಿಗೆ ಕೈ ಎಣಿಸಲು ಹಚ್ಚಿ. ಎಡಕ್ಕೊಂದು, ಬಲಕ್ಕೊಂದು ಕೈ ಆರಿಸಿ ಜೋಡಿ ಮಾಡುತ್ತಾ ಹೋದರೆ ಒಂಬತ್ತೊಂಬತ್ತಲೆ ಎಂಬತ್ತೊಂದು ಭಂಗಿ ಎಂದು ಗೈಡುಗಳು ಲೆಕ್ಕ ಹೇಳುತ್ತಾರೆ.

ಹತ್ತಬಲ್ಲವರು ಮೂರನೇ ಗುಹೆಗೆ ಹೆಚ್ಚು ಹೊತ್ತು ಕೊಡಿ. ನಾಲ್ಕರಲ್ಲಿ ದೊಡ್ಡದು ಇದು, ತೇದಿ ಖಚಿತವಾಗಿ ಗೊತ್ತಿರುವುದೂ ಇದೇ: ಶಕವರ್ಷ 500, ಅಂದರೆ ಕ್ರಿ.ಶ. 578, ಚಾಲುಕ್ಯ ಮನೆತನದ ಮಂಗಳೇಶನ ಶಾಸನ. ಆದಿಶೇಷನ ಮೇಲೆ ಕೂತ ವಿಷ್ಣುವಿನ ಮುಂದೆ ಫೋಟೋ ತೆಗೆದು ಎಲ್ಲರೂ ಹೊರಟುಬಿಡುತ್ತಾರೆ. ಕಂಬದ ತಲೆಯ ಬಳಿ ಚಾಚಿಕೊಂಡಿರುವ ದಂಪತಿ ಶಿಲ್ಪಗಳನ್ನೂ, ಮೇಲ್ಗಡೆ ಅಲ್ಲಲ್ಲಿ ಉಳಿದ ಬಣ್ಣದ ಚಿತ್ರದ ಗುರುತನ್ನೂ ಕತ್ತೆತ್ತಿ ನೋಡಬೇಕು. ನಾಲ್ಕನೆಯದು ಜೈನ ಗುಹೆ, ಚಿಕ್ಕದು. ಅದರ ಮುಂದಿನಿಂದ ಕೆರೆ ಇಡಿಯಾಗಿ ಕಾಣುತ್ತದೆ.

ಮಂಗಗಳ ಕಾಟದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಅವುಗಳ ಕಣ್ಣು ಇರುವುದು ಪ್ಲಾಸ್ಟಿಕ್ ಚೀಲದ ಮೇಲೆ. ಒಳಗೆ ಔಷಧಿ ಇದ್ದರೂ ಕಸಿದುಕೊಳ್ಳುತ್ತವೆ. ಜಿಪ್ ಇರುವ ಬೆನ್ನಚೀಲ ಒಂದೇ ಸಾಕು. ಮಕ್ಕಳ ಕೈಯಲ್ಲಿ ಬಿಸ್ಕತ್ತು, ಬಾಳೆಹಣ್ಣು ಕೊಡಲೇಬೇಡಿ.

ಗುಹೆ ಇಳಿದ ಮೇಲೆ ಗಾಡಿ ಅಲ್ಲೇ ಬಿಟ್ಟು ಕೆರೆಯ ಪಶ್ಚಿಮದ ದಂಡೆ ಹಿಡಿದು ನಡೆದು ಮ್ಯೂಸಿಯಂ ಕಡೆ ಹೋಗುವುದೇ ಜಾಣತನ. ಊರೊಳಗಿನ ಓಣಿಗಳು ಇಕ್ಕಟ್ಟು, ದೊಡ್ಡ ಗಾಡಿ ಸಿಕ್ಕಿಹಾಕಿಕೊಂಡರೆ ಹಿಂದೆ ತೆಗೆಯುವಷ್ಟರಲ್ಲಿ ಸಾಕುಬೇಕಾಗುತ್ತದೆ. ದಂಡೆಯ ಕೆಳ ಮೆಟ್ಟಿಲುಗಳಲ್ಲಿ ಪಾಚಿ ಇರುತ್ತದೆ, ಬಟ್ಟೆ ಒಗೆಯುವವರ ಸಾಬೂನು ನೀರೂ ಹರಿದಿರುತ್ತದೆ; ಮಕ್ಕಳ ಕೈ ಬಿಡಬೇಡಿ. ಮ್ಯೂಸಿಯಂನಲ್ಲಿ ನಾಗನಾಥಕೊಳ್ಳದ ಲಜ್ಜಾಗೌರಿ ಶಿಲ್ಪ ತಪ್ಪಿಸಬಾರದು. ಪಕ್ಕದಿಂದಲೇ ಬಾವನ್ ಬಂಡೆ ಕೋಟೆಯ ದಾರಿ, ಎರಡು ಬಂಡೆಗಳ ಸಂದಿಯಲ್ಲಿ. ಹರೆಯದವರು ಹತ್ತಿ ಬರಲಿ, ಹಿರಿಯರು ಭೂತನಾಥದ ಕಡೆ ನಿಧಾನವಾಗಿ ನಡೆಯಲಿ. ದಾರಿ ಬಹುತೇಕ ಸಮ. ಜಡಿಮಳೆಯಾದಾಗ ಈ ಬದಿಯ ಬಂಡೆಯಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ. ಮಳೆ ನಿಂತರೆ ಅದೂ ಬೇಗ ಬತ್ತುತ್ತದೆ, ಅದನ್ನೇ ನಂಬಿ ಬೆಳಗಾವಿಯಿಂದ ಹೊರಡಬೇಡಿ.

ಭೂತನಾಥಕ್ಕೆ ಸಂಜೆ ಬೆಳಕೇ ಚೆಂದ. ಹಾಗಾಗಿ ಮಧ್ಯಾಹ್ನ ಒಮ್ಮೆ ಐದು ಕಿಲೋಮೀಟರ್ ದೂರದ ಬನಶಂಕರಿಗೆ ಹೋಗಿ ಬಂದರೂ ಆಗುತ್ತದೆ. ಊಟಕ್ಕೂ ಅದೇ ಒಳ್ಳೆಯದು. ಗುಡಿಯ ಹತ್ತಿರ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬರುತ್ತಾರೆ: ಜೋಳದ ರೊಟ್ಟಿ, ಝುಣಕ, ಕಾಳುಪಲ್ಯ, ಕೆಂಪು ಚಟ್ನಿ, ಪುಟ್ಟ ಗಡಿಗೆಯಲ್ಲಿ ಗಟ್ಟಿ ಮೊಸರು. ಸ್ಟೇಷನ್ ರಸ್ತೆಯ ಹೋಟೆಲುಗಳ ಊಟ ಇದರ ಮುಂದೆ ಸಪ್ಪೆ. ಚಟ್ನಿ ಖಾರ, ಮಕ್ಕಳಿಗೆ ಮೊಸರು ಮೊದಲು ಬಡಿಸಿ. ಚಿಲ್ಲರೆ ಇಟ್ಟುಕೊಂಡಿರಿ. ಬಹಳ ತಡ ಮಾಡಿದರೆ ಬುಟ್ಟಿ ಖಾಲಿ.

ರೈಲಿಗೆ ಬರುವವರು ಒಂದು ಗಮನಿಸಿ: ಸ್ಟೇಷನ್ ಊರಿಂದ ಸುಮಾರು ಐದು ಕಿಲೋಮೀಟರ್ ಹೊರಗಿದೆ. ಸಂಜೆ ರೈಲಿಗೆ ವಾಪಸಾಗುವುದಿದ್ದರೆ ಬೆಳಗ್ಗೆ ಬಂದ ಆಟೊದವನಿಗೇ ಹೊತ್ತು ಹೇಳಿ, ನಂಬರ್ ಪಡೆದಿಟ್ಟುಕೊಳ್ಳಿ.