ಕೋಚಿಂಗ್ ಸೆಂಟರ್: ನೋಟ್ಸ್ ದಪ್ಪ, ಮೀನು ಕಾಣೆ

ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ಎಫ್.ಎಸ್ಸಿ (ಮೀನುಗಾರಿಕೆ ಪದವಿ) ಮುಗಿಸಿ, ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕ ಹುದ್ದೆಗೆ ಓದಲು ಬೆಂಗಳೂರಿನ ಒಂದು ಕೋಚಿಂಗ್ ಸೆಂಟರ್ ಸೇರಿದ್ದೆ.

ಸಾಮಾನ್ಯ ಜ್ಞಾನದ ಪಾಠ ಪರವಾಗಿಲ್ಲ. ಕನ್ನಡ ಪತ್ರಿಕೆ ಕಲಿಸುವವರಂತೂ ಬಂಗಾರ. ಆದರೆ ಮೀನಿನ ವಿಷಯಕ್ಕೆ ಬಂದರೆ ಕಥೆ ಬೇರೆ. ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಇವರ ನೋಟ್ಸ್‌ನಲ್ಲಿ ಏಪ್ರಿಲ್ 15ರಿಂದ ಜೂನ್ 14 ಅಂತಿತ್ತು. ಅದು ಪೂರ್ವ ಕರಾವಳಿಯದ್ದು ಸ್ವಾಮಿ! ಎದ್ದು ನಿಂತು ಹೇಳಿದೆ. ‘ಅದೂ 61 ದಿನವೇ ಅಲ್ವಾ’ ಅಂದರು ಪಾಠ ಮಾಡುವವರು. ಮಲ್ಪೆಯ ಹುಡುಗ ಪಕ್ಕದಲ್ಲಿ ತಲೆ ಚಚ್ಚಿಕೊಂಡ.

ಇನ್ನೊಂದು ದಿನ ಕಾಟ್ಲಾ, ರೋಹು, ಮೃಗಾಲ್ ಮೀನುಗಳ ಚಿತ್ರಗಳ ಹೆಸರೇ ಅದಲುಬದಲು. ಕಾಟ್ಲಾದ ದಪ್ಪ ತಲೆ, ಮೇಲಕ್ಕೆ ತಿರುಗಿದ ಬಾಯಿ ಒಮ್ಮೆ ನೋಡಿದವರು ಮರೆಯಲ್ಲ.

ಬಿ.ಎ ಮಾಡಿದ ಒಬ್ಬನನ್ನೂ ಇದೇ ಬ್ಯಾಚಿಗೆ ಸೇರಿಸಿಕೊಂಡಿದ್ದರು. ಈ ಹುದ್ದೆಗೆ ಮೀನುಗಾರಿಕೆ ಪದವಿಯೇ ಬೇಕು ಅಂತ ಫೀಸು ಕಟ್ಟುವ ಮೊದಲು ಯಾರೂ ಹೇಳಲಿಲ್ಲ. ಪಾಪ, ಅವನಿಗೆ ಹಣವೂ ವಾಪಸ್ ಬರಲಿಲ್ಲ.

ಐದಕ್ಕೆ ಎರಡು ಸ್ಟಾರ್. ಅದೂ ಕನ್ನಡ ಮೇಷ್ಟ್ರಿಗೆ. ಮೀನಿನ ವಿಷಯಕ್ಕೆ ನಾನೀಗ ಕಾಲೇಜಿನ ಹಳೇ ನೋಟ್ಸನ್ನೇ ಓದುತ್ತಿದ್ದೇನೆ.